ಸ್ಟಾರ್ ಆಟಗಾರನನ್ನು ಮಾರುವುದು ಯಾವಾಗ? ತಂಡಕ್ಕೂ ಪೋರ್ಟ್‌ಫೋಲಿಯೊಗೂ ಒಂದೇ ಲೆಕ್ಕ

ಶುಕ್ರವಾರ ಬೆಳಿಗ್ಗೆ ಕ್ರಿಕೆಟ್ ಆಡಿ ಬಂದು ಗುದೈಬಿಯಾದ ಒಂದು ಕೆಫೆಟೇರಿಯಾದಲ್ಲಿ ಕರಕ್ ಚಾ ಕುಡಿಯುವುದು ನಮ್ಮ ಗುಂಪಿನ ಹಳೆಯ ಅಭ್ಯಾಸ. ಆಡುವುದು ಎರಡು ಗಂಟೆಯಾದರೆ ಚರ್ಚೆ ಮೂರು ಗಂಟೆ. ಕಳೆದ ನವೆಂಬರಿನಲ್ಲಿ ಸಂಜು ಸ್ಯಾಮ್ಸನ್ ಚೆನ್ನೈಗೆ, ರವೀಂದ್ರ ಜಡೇಜ ಮತ್ತು ಸ್ಯಾಮ್ ಕರನ್ ರಾಜಸ್ಥಾನಕ್ಕೆ ಎಂಬ ಸುದ್ದಿ ಬಂದ ವಾರ ಚರ್ಚೆ ಮಧ್ಯಾಹ್ನದ ಊಟದವರೆಗೂ ಎಳೆಯಿತು. ಅರ್ಧ ಜನ "ಚೆನ್ನೈ ಗೆದ್ದಿತು" ಅಂದರು, ಉಳಿದರ್ಧ "ಜಡೇಜನನ್ನು ಯಾರಾದರೂ ಬಿಡುತ್ತಾರಾ" ಅಂದರು.

ನಾನು ಸುಮ್ಮನೆ ಕೂತಿದ್ದೆ. ಯಾಕೆಂದರೆ ಇದೇ ಮೇಜಿನಲ್ಲಿ, 2017ರಲ್ಲಿ, ಕುಂದಾಪುರದ ನನ್ನ ಗೆಳೆಯನೊಬ್ಬ ನನಗೂ ಇಂಥದ್ದೇ ಒಂದು ವ್ಯಾಪಾರ ಸೂಚಿಸಿದ್ದ. ಆಗ ನನ್ನ ಹೂಡಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಕಂಪನಿಯ ಷೇರಿನಲ್ಲಿತ್ತು. 2011ರಲ್ಲಿ ಕೊಂಡದ್ದು, ಆರು ವರ್ಷದಲ್ಲಿ ಹಲವು ಪಟ್ಟಾಗಿತ್ತು. "ಅರ್ಧ ಮಾರು ಮಾರಾಯ, ಮೈಸೂರಿನ ಮನೆ ಸಾಲ ತೀರಿಸು, ಉಳಿದದ್ದು ಇಂಡೆಕ್ಸ್ ಫಂಡಿಗೆ ಹಾಕು" ಅಂದ. ನಾನು ನಕ್ಕೆ. ಇಷ್ಟು ಚೆನ್ನಾಗಿ ಓಡುತ್ತಿರುವ ಕುದುರೆಯನ್ನು ಯಾರು ಮಾರುತ್ತಾರೆ? ಮುಂದಿನ ಎರಡು ವರ್ಷದಲ್ಲಿ ಆ ಕಂಪನಿ ಸಾಲದ ಸುಳಿಗೆ ಸಿಕ್ಕಿತು. ನಾನು ಕೊನೆಗೆ ಮಾರಿದಾಗ ಸಿಕ್ಕಿದ್ದು ಅವನು ಹೇಳಿದ ದಿನದ ಬೆಲೆಯ ಐದನೇ ಒಂದು ಭಾಗ. ಕಂಪನಿಯ ಹೆಸರು ಬೇಡ. ತಪ್ಪು ಅದರದ್ದಕ್ಕಿಂತ ನನ್ನದು. ಮನೆ ಸಾಲ ಮಾತ್ರ ಇನ್ನೂ ನಡೆಯುತ್ತಿದೆ.

ಒಂದು ತಂಡ ತನ್ನ ಅತ್ಯುತ್ತಮ ಆಟಗಾರನನ್ನು ಯಾಕೆ ಮಾರುತ್ತದೆ, ಅದು ಯಾವಾಗ ಸರಿ, ಯಾವಾಗ ತಪ್ಪು ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ. ಕೊನೆಯಲ್ಲಿ ನಮ್ಮಂಥ ಗಲ್ಫ್ ಉದ್ಯೋಗಿಗಳ ಲೆಕ್ಕಕ್ಕೆ ಬರೋಣ.

ಮೊದಲು ಅಮೆರಿಕದ ಒಂದು ಹಳೆಯ ಕಥೆ

ಸ್ಟಾರ್ ಮಾರಾಟದ ಪಾಠ ಕಲಿಯಲು ಅಮೆರಿಕನ್ ಫುಟ್‌ಬಾಲಿಗಿಂತ ಒಳ್ಳೆಯ ಶಾಲೆ ಇಲ್ಲ. ಅಲ್ಲಿ "ರನಿಂಗ್ ಬ್ಯಾಕ್" ಎಂಬ ಸ್ಥಾನವಿದೆ. ಅವನ ಕೆಲಸ ಚೆಂಡನ್ನು ಎದೆಗವಚಿಕೊಂಡು, ನೂರು ನೂರಿಪ್ಪತ್ತು ಕೆಜಿ ತೂಗುವ ಎದುರಾಳಿಗಳ ಗೋಡೆಯೊಳಗೆ ನುಗ್ಗುವುದು. ಪ್ರತಿ ಓಟಕ್ಕೂ ಒಂದು ಪೆಟ್ಟು. ಹಾಗಾಗಿ ಅವನ ಒಳ್ಳೆಯ ವರ್ಷಗಳು ಬಹಳ ಕಡಿಮೆ. ಇಪ್ಪತ್ತೇಳು ಇಪ್ಪತ್ತೆಂಟು ದಾಟಿದರೆ ಇಳಿಮುಖ ಶುರು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಇದು ವೇಗವಾಗಿ ಸವಕಳಿಯಾಗುವ ಆಸ್ತಿ. ಆದರೆ ಸ್ಕೋರ್ ಬೋರ್ಡಿನಲ್ಲಿ ಅತಿ ಹೆಚ್ಚು ಮಿಂಚುವ ಹೆಸರೂ ಅವನದೇ. ಮಿಂಚು ಜಾಸ್ತಿ, ಆಯಸ್ಸು ಕಡಿಮೆ. ಬೆಲೆಗೂ ಮೌಲ್ಯಕ್ಕೂ ಅಂತರ ಹುಟ್ಟುವುದು ಇಂಥ ಕಡೆಯೇ.

1989ರಲ್ಲಿ ಡಲ್ಲಾಸ್ ಕೌಬಾಯ್ಸ್ ಕೈಯಲ್ಲಿ ಇಂಥ ಒಬ್ಬ ಸ್ಟಾರ್ ಇದ್ದ, ಹರ್ಶಲ್ ವಾಕರ್. ಹಿಂದಿನ ವರ್ಷ 1514 ಗಜ ಓಡಿದ್ದ. ವಯಸ್ಸು 27. ಉಳಿದ ತಂಡ ಮಾತ್ರ ಶೂನ್ಯ: ಆ ಸೀಸನ್‌ನಲ್ಲಿ ಡಲ್ಲಾಸ್ 16 ಪಂದ್ಯಗಳಲ್ಲಿ ಗೆದ್ದದ್ದು ಒಂದು. ಹೊಸ ಕೋಚ್ ಜಿಮ್ಮಿ ಜಾನ್ಸನ್ ತಂಡದಲ್ಲಿ ಮಾರಲು ಯೋಗ್ಯವಾದ ಒಂದೇ ಒಂದು ವಸ್ತುವನ್ನು ಮಾರಲು ಹೊರಟರು. ಊರೆಲ್ಲ ಹುಚ್ಚು ಎಂದಿತು. ಅಕ್ಟೋಬರಿನಲ್ಲಿ ಮಿನೆಸೊಟ ವೈಕಿಂಗ್ಸ್ ವಾಕರ್‌ನನ್ನು ಕೊಂಡಿತು.

ಬದಲಿಗೆ ಡಲ್ಲಾಸ್‌ಗೆ ಸಿಕ್ಕಿದ್ದು ಐವರು ಆಟಗಾರರು ಮತ್ತು ಮುಂದಿನ ವರ್ಷಗಳ "ಡ್ರಾಫ್ಟ್ ಪಿಕ್"ಗಳು, ಅಂದರೆ ಕಾಲೇಜಿನಿಂದ ಬರುವ ಹೊಸ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಹಕ್ಕು. ಜಾಣತನ ಇದ್ದದ್ದು ಒಂದು ಷರತ್ತಿನಲ್ಲಿ. ಬಂದ ಆಟಗಾರರನ್ನು ಡಲ್ಲಾಸ್ ಕೈಬಿಟ್ಟರೆ, ಆಯಾ ಆಟಗಾರನಿಗೆ ಕಟ್ಟಿದ ಪಿಕ್ ಡಲ್ಲಾಸ್‌ಗೆ ಸೇರಬೇಕು. ಮಿನೆಸೊಟ ತಾನು ಆಟಗಾರರನ್ನು ಕೊಟ್ಟೆ ಎಂದುಕೊಂಡಿತ್ತು. ಜಾನ್ಸನ್‌ಗೆ ಬೇಕಾಗಿದ್ದದ್ದು ಪಿಕ್‌ಗಳೇ. ಅಂತೂ ಮೊದಲ ಸುತ್ತಿನ 3, ಎರಡನೆಯ ಸುತ್ತಿನ 3 ಪಿಕ್‌ಗಳು ಡಲ್ಲಾಸ್ ಪಾಲಾದವು. ಅವನ್ನು ಬಳಸಿ, ಕೆಲವನ್ನು ಮತ್ತೆ ಅದಲು ಬದಲು ಮಾಡಿ ಕಟ್ಟಿದ ತಂಡ 1992, 1993, 1995ರ ಸೀಸನ್‌ಗಳಲ್ಲಿ ಸೂಪರ್ ಬೌಲ್ ಗೆದ್ದಿತು. ವಾಕರ್ 1991ರ ಸೀಸನ್ ಮುಗಿಸಿ ಮಿನೆಸೊಟ ಬಿಟ್ಟ. ಅಲ್ಲಿ ಒಂದು ಕಪ್ಪೂ ಬರಲಿಲ್ಲ.

"ಹಾಗಾದರೆ ಸ್ಟಾರನ್ನು ಮಾರುವುದೇ ಸರಿ" ಎಂದು ಬರೆದುಕೊಳ್ಳುವ ಮೊದಲು ಇನ್ನೊಂದು ಕಥೆ ಕೇಳಿ. ಕ್ರಿಶ್ಚಿಯನ್ ಮೆಕಾಫ್ರಿ ಕೂಡ ರನಿಂಗ್ ಬ್ಯಾಕ್. ಕ್ಯಾರೊಲೈನಾ ತಂಡ 2020ರಲ್ಲಿ ಅವನಿಗೆ 4 ವರ್ಷಕ್ಕೆ 64 ಮಿಲಿಯನ್ ಡಾಲರಿನ ಒಪ್ಪಂದ ಕೊಟ್ಟಿತು. ಗಾಯದಿಂದಾಗಿ 2020ರಲ್ಲಿ 3 ಪಂದ್ಯ, 2021ರಲ್ಲಿ 7 ಪಂದ್ಯ ಆಡಿದ. 2022ರ ಅಕ್ಟೋಬರಿನಲ್ಲಿ ತಂಡ ಅವನನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಎರಡು, ಮೂರು, ನಾಲ್ಕು ಮತ್ತು ಐದನೆಯ ಸುತ್ತಿನ ಒಂದೊಂದು ಪಿಕ್‌ಗೆ ಮಾರಿತು. ಮೊದಲ ಸುತ್ತಿನದು ಒಂದೂ ಇಲ್ಲ. 2023ರಲ್ಲಿ ಅವನು 1459 ಗಜ ಓಡಿ ಇಡೀ ಲೀಗಿಗೆ ಮೊದಲಿಗನಾದ, ಅವನ ತಂಡ ಸೂಪರ್ ಬೌಲ್ ತಲುಪಿತು. ಕ್ಯಾರೊಲೈನಾ ಅದೇ ವರ್ಷ 17ರಲ್ಲಿ 2 ಗೆದ್ದಿತು.

ಡಲ್ಲಾಸ್ ಮಾರಿದ್ದು ಬೆಲೆ ಉತ್ತುಂಗದಲ್ಲಿದ್ದಾಗ. ಕ್ಯಾರೊಲೈನಾ ಮಾರಿದ್ದು ಎರಡು ವರ್ಷದ ಗಾಯದ ನಂತರ, ಮಾರುಕಟ್ಟೆಗೆ ಅನುಮಾನ ಹುಟ್ಟಿದ ಮೇಲೆ. ನಾನು ನನ್ನ ಷೇರನ್ನು ಮಾರಿದ್ದೂ ಹಾಗೆಯೇ.

ನಮ್ಮ ಊರಿನ ಲೆಕ್ಕ: ರಾಹುಲ್, ದೇವದತ್ತ, ಕೊಹ್ಲಿ

ಈಗ ಬೆಂಗಳೂರಿಗೆ ಬರೋಣ. ಕೆ.ಎಲ್. ರಾಹುಲ್ ಐಪಿಎಲ್‌ಗೆ ಕಾಲಿಟ್ಟದ್ದು 2013ರಲ್ಲಿ ಆರ್‌ಸಿಬಿಯಿಂದ. ಮರುವರ್ಷ ಹೈದರಾಬಾದ್ ಪಾಲಾದರು. 2016ರ ಸೀಸನ್‌ಗೆ ಮೊದಲು ಆರ್‌ಸಿಬಿ ಅವರನ್ನು ಟ್ರೇಡ್ ಮೂಲಕ ವಾಪಸ್ ತಂದಿತು. ಆ ವರ್ಷ 397 ರನ್, ತಂಡ ಫೈನಲ್‌ಗೆ. 2017ರಲ್ಲಿ ಭುಜದ ಗಾಯ, ಇಡೀ ಸೀಸನ್ ಇಲ್ಲ. 2018ಕ್ಕೆ ಉಳಿಸಿಕೊಳ್ಳುವ ಪಟ್ಟಿಯಲ್ಲಿ ಆರ್‌ಸಿಬಿ ಬರೆದದ್ದು ಕೊಹ್ಲಿ, ಡಿ ವಿಲಿಯರ್ಸ್ ಮತ್ತು ಸರ್ಫರಾಜ್ ಖಾನ್. ರಾಹುಲ್ ಹರಾಜಿಗೆ ಹೋದರು, ಪಂಜಾಬ್ 11 ಕೋಟಿ ಕೊಟ್ಟಿತು.

ಮುಂದಿನ ಐದು ವರ್ಷದ ಅವರ ರನ್ ನೋಡಿ: 659, 593, 670, 626, 616. ಒಂದು ವರ್ಷವೂ 590ಕ್ಕಿಂತ ಕೆಳಗೆ ಇಳಿದಿಲ್ಲ. ಗಾಯದ ಒಂದು ವರ್ಷವನ್ನೇ ನೋಡಿ ಆಟಗಾರನ ಹತ್ತು ವರ್ಷವನ್ನು ಅಳೆದರೆ ಹೀಗಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಡೆಲ್ಲಿ ಪರ ಚಿನ್ನಸ್ವಾಮಿಯಲ್ಲಿ 53 ಎಸೆತಕ್ಕೆ ಅಜೇಯ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಗೀಚಿ ಇದು ನನ್ನ ಅಂಗಳ ಎಂದು ತೋರಿಸಿದ್ದನ್ನು ನಾವೆಲ್ಲ ಮನಾಮಾದಲ್ಲಿ ಕೂತು ನೋಡಿದೆವು. ಸೋತದ್ದಕ್ಕೆ ಬೇಸರ, ಗೆಲ್ಲಿಸಿದವನು ನಮ್ಮವನೇ ಎಂಬ ಹೆಮ್ಮೆ, ಎರಡೂ ಒಟ್ಟಿಗೆ.

ಇದಕ್ಕೆ ತದ್ವಿರುದ್ಧವಾದದ್ದು ದೇವದತ್ತ ಪಡಿಕ್ಕಲ್ ಕಥೆ. 2020ರಲ್ಲಿ ಆರ್‌ಸಿಬಿ ಪರ ಮೊದಲ ಸೀಸನ್‌ನಲ್ಲೇ 473 ರನ್. 2022ರ ಹರಾಜಿನಲ್ಲಿ ರಾಜಸ್ಥಾನ 7.75 ಕೋಟಿ ಕೊಟ್ಟಿತು. 2023ರ ನವೆಂಬರಿನಲ್ಲಿ ಲಖನೌನ ಆವೇಶ್ ಖಾನ್ ಜೊತೆ ಅದಲು ಬದಲು. 2024ರಲ್ಲಿ ಲಖನೌಗೆ 7 ಪಂದ್ಯದಲ್ಲಿ 38 ರನ್. ಮುಂದಿನ ಹರಾಜಿನಲ್ಲಿ ಮೊದಲು ಯಾರೂ ಕೂಗಲಿಲ್ಲ. ಎರಡನೆಯ ಸಲ ಹೆಸರು ಬಂದಾಗ ಆರ್‌ಸಿಬಿ ಮೂಲ ಬೆಲೆ 2 ಕೋಟಿಗೆ ಎತ್ತಿಕೊಂಡಿತು. 2025ರಲ್ಲಿ 10 ಪಂದ್ಯಗಳಲ್ಲಿ 247 ರನ್ ಹೊಡೆದು, ಗಾಯಗೊಂಡು ಹೊರಗೆ ಹೋದರು. ಅವರ ಜಾಗಕ್ಕೆ ಮಯಂಕ್ ಅಗರ್ವಾಲ್ ಬಂದರು, ಜೂನ್ 3ರಂದು ಕಪ್ಪು ಬಂತು. ಆಟಗಾರ ಅದೇ, ಕೈ ಅದೇ, ಬ್ಯಾಟು ಅದೇ. ಬೆಲೆ 7.75ರಿಂದ 2ಕ್ಕೆ ಇಳಿದಿತ್ತು, ಅಷ್ಟೆ.

ಹಾಗೆಯೇ ಎರಡೂ ಕಡೆಯವರು ನಷ್ಟ ಮಾಡಿಕೊಂಡ ವ್ಯಾಪಾರವೂ ಉಂಟು. 2023ರಲ್ಲಿ ಗುಜರಾತ್ ತನ್ನ ನಾಯಕ ಹಾರ್ದಿಕ್ ಪಾಂಡ್ಯರನ್ನು ಹಣಕ್ಕೆ ಮುಂಬೈಗೆ ಬಿಟ್ಟುಕೊಟ್ಟಿತು. ಅದಕ್ಕೆ ಜಾಗ ಮಾಡಲು ಮುಂಬೈ 17.5 ಕೋಟಿಯ ಕ್ಯಾಮರಾನ್ ಗ್ರೀನ್‌ರನ್ನು ಆರ್‌ಸಿಬಿಗೆ ದಾಟಿಸಿತು. 2024ರ ಕೊನೆಗೆ ಗುಜರಾತ್ ಎಂಟನೆಯ ಸ್ಥಾನ, ಮುಂಬೈ ಹತ್ತನೆಯದು. ಹಣ ಸಿಕ್ಕಿತು ಎಂದ ಮಾತ್ರಕ್ಕೆ ನಾಯಕ ಸಿಕ್ಕಿದ ಹಾಗಲ್ಲ, ನಾಯಕ ಸಿಕ್ಕ ಮಾತ್ರಕ್ಕೆ ತಂಡ ಒಪ್ಪಿದ ಹಾಗೂ ಅಲ್ಲ.

ಇನ್ನು ಕೊಹ್ಲಿ. 2008ರಿಂದ ಇವತ್ತಿನವರೆಗೆ ಒಂದೇ ತಂಡ. ಕಪ್ಪಿಗಾಗಿ 18 ಸೀಸನ್ ಕಾದರು. ಮಾರಬಾರದ ಸ್ಟಾರ್‌ಗಳೂ ಇರುತ್ತಾರೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ಆದರೆ ಗಮನಿಸಿ: ಕಪ್ಪು ಬಂದದ್ದು ಅವರ ಸುತ್ತ ಹನ್ನೊಂದು ಜನರ ತಂಡ ಸರಿಯಾಗಿ ಕೂಡಿಬಂದ ವರ್ಷ. ಒಬ್ಬರ ಮೇಲೆಯೇ ಭಾರ ಹಾಕಿದ ವರ್ಷಗಳಲ್ಲಿ, ಅವರು 973 ರನ್ ಹೊಡೆದ 2016ರಲ್ಲೂ, ಬರಲಿಲ್ಲ.

ಮಾರುವ ಮೊದಲು ಐದು ಪ್ರಶ್ನೆ

ಈ ಕಥೆಗಳನ್ನು ಸೋಸಿದರೆ ನನಗೆ ಕಾಣುವುದು ಐದು ಪ್ರಶ್ನೆಗಳು.

1. ಇದು ನನ್ನಲ್ಲಿ ಇಲ್ಲದೇ ಇದ್ದರೆ, ಇವತ್ತಿನ ಬೆಲೆಗೆ ಇಷ್ಟೊಂದು ಕೊಳ್ಳುತ್ತಿದ್ದೆನೆ? "ಇಲ್ಲ" ಎಂದಾದರೆ ನಾನು ಅದನ್ನು ಇಟ್ಟುಕೊಂಡಿರುವುದು ಮಮಕಾರಕ್ಕೆ.

2. ಬದಲಿಗೆ ಏನು ಬರುತ್ತದೆ? "ಮಾರಿ ನೋಡೋಣ" ಎಂಬುದು ಪ್ರಸ್ತಾಪವಲ್ಲ. ಡಲ್ಲಾಸ್‌ಗೆ ತನಗೆ ಯಾವ ಪಿಕ್ ಬೇಕೆಂದು ಮೊದಲೇ ಗೊತ್ತಿತ್ತು.

3. ನನ್ನ ತಂಡ ಯಾವ ಹಂತದಲ್ಲಿದೆ? ಹೊಸದಾಗಿ ಕಟ್ಟುತ್ತಿರುವ ತಂಡಕ್ಕೆ ಭವಿಷ್ಯ ಬೇಕು, ಈ ವರ್ಷವೇ ಕಪ್ಪು ಬೇಕಾದ ತಂಡಕ್ಕೆ ಇವತ್ತಿನ ಸ್ಟಾರ್ ಬೇಕು. ಮೂವತ್ತರ ಹುಡುಗನಿಗೂ ಮಗಳ ಕಾಲೇಜು ಎದುರಿಗಿರುವ ಐವತ್ತರವನಿಗೂ ಉತ್ತರ ಬೇರೆ.

4. ವ್ಯಾಪಾರದ ಖರ್ಚೆಷ್ಟು? ತೆರಿಗೆ, ಕಮಿಷನ್, ವಿನಿಮಯ.

5. ಎಲ್ಲರ ಒಪ್ಪಿಗೆ ಇದೆಯೆ? ಐಪಿಎಲ್ ಟ್ರೇಡ್‌ಗೆ ಆಟಗಾರನ ಒಪ್ಪಿಗೆ ಬೇಕು. ನಮ್ಮಲ್ಲಿ ಮನೆಯವರ ಒಪ್ಪಿಗೆ. ನನ್ನ 2017ರ ತಪ್ಪಿನಲ್ಲಿ ದೊಡ್ಡದು ಇದೇ: ಗೆಳೆಯನ ಮಾತನ್ನು ಹೆಂಡತಿಗೆ ಹೇಳಲೇ ಇಲ್ಲ. ಹೇಳಿದ್ದರೆ ಅವಳು ಆ ದಿನವೇ ಮಾರಿಸುತ್ತಿದ್ದಳು.

ಈ ಸಲದ ನನ್ನ ಪ್ರಸ್ತಾಪ

ವಿಷಯ ಏನೆಂದರೆ, ನನ್ನ ಬಳಿ ಈಗ ಮತ್ತೆ ಒಬ್ಬ ಸ್ಟಾರ್ ಇದ್ದಾನೆ. ಬೇರೆ ಕಂಪನಿ, ಅದೇ ಪರಿಸ್ಥಿತಿ. ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಒಟ್ಟು ಹೂಡಿಕೆ 80 ಲಕ್ಷ. ಅದರಲ್ಲಿ ಈ ಒಂದು ಷೇರು 44 ಲಕ್ಷ, ಅಂದರೆ ನೂರಕ್ಕೆ 55. ಕೊಂಡ ಬೆಲೆ 8 ಲಕ್ಷ. ಎರಡು ವರ್ಷದಲ್ಲಿ ಮಗಳ ಎಂಜಿನಿಯರಿಂಗ್ ಮತ್ತು ಮನೆ ಸಾಲದ ಬಾಕಿ ಸೇರಿ 60 ಲಕ್ಷ ಬೇಕು.

ಅರ್ಧ ಮಾರಿದರೆ ಕೈಗೆ 22 ಲಕ್ಷ. ಅದರ ಅಸಲು 4 ಲಕ್ಷ, ಲಾಭ 18 ಲಕ್ಷ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಲಿಸ್ಟೆಡ್ ಷೇರಿನ ಲಾಭಕ್ಕೆ 2024ರ ಜುಲೈ 23ರಿಂದ ಭಾರತದಲ್ಲಿ ದರ ಶೇ 12.5, ವರ್ಷಕ್ಕೆ ಮೊದಲ 1.25 ಲಕ್ಷ ಲಾಭಕ್ಕೆ ವಿನಾಯಿತಿ. ಉಳಿದ 16.75 ಲಕ್ಷಕ್ಕೆ ಶೇ 12.5, ಮೇಲೆ ಶೇ 4 ಸೆಸ್ ಸೇರಿ ಸುಮಾರು 2.18 ಲಕ್ಷ ತೆರಿಗೆ. ಕೈಯಲ್ಲಿ ಉಳಿಯುವುದು 19.82 ಲಕ್ಷ. ಸ್ವಲ್ಪ ಮಾರ್ಚಿನಲ್ಲಿ, ಸ್ವಲ್ಪ ಏಪ್ರಿಲ್‌ನಲ್ಲಿ ಮಾರಿದರೆ ವಿನಾಯಿತಿ ಎರಡು ಸಲ ಸಿಕ್ಕಿ 16,250 ರೂಪಾಯಿ ಉಳಿಯುತ್ತದೆ. ಬಹ್ರೇನ್‌ನಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ, ಆದರೆ ಭಾರತದ ಷೇರಿನ ಲಾಭಕ್ಕೆ ಭಾರತದ ತೆರಿಗೆ ತಪ್ಪದು. ಅನಿವಾಸಿಗಳಿಗೆ ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ, ಹೆಚ್ಚು ಕಡಿತವಾಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬೇಕು.

ಈಗ ಎರಡು ಸನ್ನಿವೇಶ. ಉಳಿದ ಹೂಡಿಕೆ ಇದ್ದಲ್ಲೇ ಇದೆ ಎಂದುಕೊಳ್ಳಿ.

ಸ್ಟಾರ್ ಅರ್ಧಕ್ಕೆ ಕುಸಿದರೆ: ಮಾರದೇ ಇದ್ದವನ ಬಳಿ 58 ಲಕ್ಷ. ಅರ್ಧ ಮಾರಿದವನ ಬಳಿ 66.82 ಲಕ್ಷ.

ಸ್ಟಾರ್ ದುಪ್ಪಟ್ಟಾದರೆ: ಮಾರದೇ ಇದ್ದವನ ಬಳಿ 124 ಲಕ್ಷ. ಅರ್ಧ ಮಾರಿದವನ ಬಳಿ 99.82 ಲಕ್ಷ.

ಬರಿಯ ಅಂಕಿ ನೋಡಿದರೆ ಮಾರುವುದು ದಡ್ಡತನ. ಉಳಿಯುವುದು ಸುಮಾರು 9 ಲಕ್ಷ, ಕಳೆದುಕೊಳ್ಳುವುದು 24 ಲಕ್ಷ. ನಾನು 2017ರಲ್ಲಿ ನಿಂತದ್ದು ಇಲ್ಲೇ. ಆದರೆ ನನಗೆ ಬೇಕಾದದ್ದು 60 ಲಕ್ಷ. ದುಪ್ಪಟ್ಟಾದರೆ ಎರಡೂ ದಾರಿಯಲ್ಲಿ ಮಗಳ ಫೀಸು ಕಟ್ಟಬಹುದು, ಸಾಲ ತೀರಿಸಬಹುದು. ಕುಸಿದರೆ ಒಂದು ದಾರಿಯಲ್ಲಿ ಮಾತ್ರ ಸಾಧ್ಯ. ನಿಜ ಜೀವನದಲ್ಲಿ ಸ್ಟಾರ್ ಬಿದ್ದ ವರ್ಷ ಉಳಿದ ಷೇರುಗಳೂ ಬೀಳುತ್ತವೆ. ಆಗ 58 ಎಂಬುದು ಇನ್ನೂ ಕೆಳಗೆ. ಅದಕ್ಕೇ ಮಾರಿ ಬಂದ ಹಣ ಮತ್ತೊಂದು ಷೇರಿಗೆ ಹೋಗಬಾರದು. ಎರಡು ವರ್ಷದೊಳಗೆ ಬೇಕಾದ ದುಡ್ಡಿಗೆ ಠೇವಣಿಯೇ ಸರಿ.

ತೆರಿಗೆ ಕಟ್ಟಬೇಕಲ್ಲ ಎಂದು ಮಾರದೇ ಇರುವವರಿಗೆ ಒಂದು ಮಾತು. ಆ 2.18 ಲಕ್ಷ ಇವತ್ತಲ್ಲದಿದ್ದರೆ ನಾಳೆ ಕಟ್ಟಲೇಬೇಕಾದದ್ದು. ಅದನ್ನು ತಪ್ಪಿಸುವ ಖಚಿತ ದಾರಿ ಒಂದೇ, ಷೇರು ಕೊಂಡ ಬೆಲೆಗೆ ಇಳಿಯುವುದು. ನಾನು 2017ರ ನಂತರ ಆ ದಾರಿಯಲ್ಲೇ ಬಹಳಷ್ಟು ತೆರಿಗೆ ಉಳಿಸಿದೆ!

ನಿಜವಾದ ರನಿಂಗ್ ಬ್ಯಾಕ್ ಯಾರು?

ಇಷ್ಟು ಬರೆದ ಮೇಲೆ ನನಗೆ ಹೊಳೆದದ್ದು ಇದು. ನಮ್ಮ ಪೋರ್ಟ್‌ಫೋಲಿಯೊದ ಅತಿ ದೊಡ್ಡ ಸ್ಟಾರ್ ಯಾವುದೋ ಷೇರಲ್ಲ. ಇಲ್ಲಿನ ನಮ್ಮ ಸಂಬಳ.

ಯೋಚಿಸಿ. ತಿಂಗಳಿಗೆ 1,200 ದಿನಾರ್ ತರುವ ಕೆಲಸ ಮನೆಯ ಎಲ್ಲ ಠೇವಣಿ, ಷೇರು, ಸೈಟುಗಳಿಗಿಂತ ಹೆಚ್ಚು ಓಡುತ್ತಿದೆ. ತೆರಿಗೆ ಇಲ್ಲ, ದಿನಾರ್ ಡಾಲರಿಗೆ 0.376ರ ದರದಲ್ಲಿ ಕಟ್ಟಿಹಾಕಿದೆ, ರೂಪಾಯಿ ಇಳಿದಷ್ಟೂ ಊರಿನ ಲೆಕ್ಕದಲ್ಲಿ ಸಂಬಳ ಏರುತ್ತದೆ. ಆದರೆ ವಾಸದ ಪರವಾನಗಿ ಕೆಲಸಕ್ಕೆ ಅಂಟಿಕೊಂಡಿದೆ. ಐವತ್ತು ದಾಟಿದ ಮೇಲೆ ಕೆಲಸ ಹೋದರೆ ಇನ್ನೊಂದು ಸಿಗುವುದು ಕಷ್ಟ. ಒಂದು ಪ್ರಾಜೆಕ್ಟ್ ನಿಂತರೆ, ಒಂದು ವಿಭಾಗ ಮುಚ್ಚಿದರೆ, ಸಂಬಳದ ಜೊತೆ ವೀಸಾ, ಮಕ್ಕಳ ಶಾಲೆ, ಬಾಡಿಗೆ ಮನೆ ಎಲ್ಲವೂ ಒಂದೇ ದಿನ ಅಲುಗಾಡುತ್ತವೆ. ಮಿಂಚು ಜಾಸ್ತಿ, ಆಯಸ್ಸು ಕಡಿಮೆ, ಗಾಯ ಯಾವಾಗ ಎಂದು ಗೊತ್ತಿಲ್ಲ. ಚೆಂಡು ಅವಚಿಕೊಂಡು ಗೋಡೆಗೆ ನುಗ್ಗುತ್ತಿರುವವರು ನಾವೇ.

ಪಿಂಚಣಿಯೂ ಇಲ್ಲ. ಇರುವುದು ಸೇವಾಂತ್ಯದ ಮೊತ್ತ: ಮೊದಲ ಮೂರು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದು. 2024ರ ಮಾರ್ಚಿನಿಂದ ಮಾಲೀಕರು ಇದನ್ನು ಪ್ರತಿ ತಿಂಗಳೂ ಸರ್ಕಾರದ ಸಾಮಾಜಿಕ ವಿಮಾ ಸಂಸ್ಥೆಗೆ ಕಟ್ಟುತ್ತಾರೆ, ಮೊದಲ ಮೂರು ವರ್ಷ ಸಂಬಳದ ಶೇ 4.2, ನಂತರ ಶೇ 8.4. ಒಳ್ಳೆಯ ಬದಲಾವಣೆ. ಆದರೆ ಲೆಕ್ಕ ಹಾಕಿ: ಹದಿನೈದು ವರ್ಷ ದುಡಿದವನಿಗೆ ಬರುವುದು ಸುಮಾರು ಹದಿಮೂರೂವರೆ ತಿಂಗಳ ಸಂಬಳ. ಅದರಲ್ಲಿ ಮೂವತ್ತು ವರ್ಷದ ನಿವೃತ್ತಿ ನಡೆಯದು.

ಈ ಸ್ಟಾರನ್ನು ಮಾರಲಾಗದು, ಮಾರಬೇಕಾಗಿಯೂ ಇಲ್ಲ. ಆದರೆ ಪ್ರತಿ ತಿಂಗಳೂ ಅವನ ಒಂದು ತುಂಡನ್ನು ಪಿಕ್‌ಗಳಾಗಿ ಬದಲಾಯಿಸಿಕೊಳ್ಳಬಹುದು. ಸಂಬಳ ಬಂದ ದಿನವೇ ಒಂದು ಭಾಗ ಇಂಡೆಕ್ಸ್ ಫಂಡಿಗೆ, ಒಂದು ಭಾಗ ಎನ್‌ಆರ್‌ಇ ಠೇವಣಿಗೆ. ಎನ್‌ಆರ್‌ಇ ಬಡ್ಡಿಗೆ ಅನಿವಾಸಿಯಾಗಿರುವವರೆಗೆ ಭಾರತದಲ್ಲಿ ತೆರಿಗೆ ಇಲ್ಲ. ಆರು ತಿಂಗಳ ಖರ್ಚು ಯಾವಾಗ ಬೇಕಾದರೂ ತೆಗೆಯಬಹುದಾದ ಖಾತೆಯಲ್ಲಿರಲಿ, ಅದು ಗಾಯಕ್ಕೆ. ಮತ್ತು ನಿಮ್ಮ ಸಂಬಳ ಯಾವ ಉದ್ಯಮದಿಂದ ಬರುತ್ತದೋ ಅದೇ ಉದ್ಯಮದ ಷೇರಿನಲ್ಲಿ ಉಳಿತಾಯವನ್ನೂ ಇಡಬೇಡಿ. ತೈಲ ಕಂಪನಿಯಲ್ಲಿ ಕೆಲಸ, ತೈಲ ಷೇರಿನಲ್ಲಿ ಉಳಿತಾಯ ಎಂದರೆ ಒಂದೇ ಗಾಯಕ್ಕೆ ಎರಡು ಕಾಲೂ ಹೋಗುತ್ತವೆ.

ಸ್ಯಾಮ್ಸನ್ ಮತ್ತು ಜಡೇಜ ವ್ಯಾಪಾರದಲ್ಲಿ ಗೆದ್ದವರು ಯಾರು ಎಂದು ಕೇಳಿದರೆ, ಒಂದು ಸೀಸನ್ ನೋಡಿ ಹೇಳಲು ನಾನು ಸಿದ್ಧನಿಲ್ಲ. 31 ವರ್ಷದ ಸ್ಯಾಮ್ಸನ್‌ಗೆ 18 ಕೋಟಿ. ಆಗ 37ರ ಹೊಸ್ತಿಲಲ್ಲಿದ್ದ ಜಡೇಜ ತಮ್ಮ ಮೊತ್ತವನ್ನು 18ರಿಂದ 14 ಕೋಟಿಗೆ ಇಳಿಸಿಕೊಂಡು ತಾವು ಆಟ ಶುರು ಮಾಡಿದ ತಂಡಕ್ಕೆ ಮರಳಿದರು, ಜೊತೆಗೆ 2.4 ಕೋಟಿಯ ಕರನ್. ಎರಡೂ ಕಡೆಯವರು ತಮಗೆ ಏನು ಬೇಕೆಂದು ಬರೆದುಕೊಂಡು ಕೂತಿದ್ದರು ಎಂಬುದಷ್ಟೇ ನನಗೆ ಕಾಣುವುದು.

ಈ ಸಲ ನಾನೂ ಬರೆದಿದ್ದೇನೆ. ಒಂದು ಹಾಳೆಯಲ್ಲಿ ಐದು ಪ್ರಶ್ನೆ, ಐದು ಉತ್ತರ. ಅರ್ಧ ಮಾರುವುದು, ಎರಡು ಕಂತಿನಲ್ಲಿ, ಹಣ ಠೇವಣಿಗೆ. ಉಳಿದರ್ಧ ಆಡಲಿ. ದುಪ್ಪಟ್ಟಾದರೆ ಶುಕ್ರವಾರದ ಮೇಜಿನಲ್ಲಿ ಎಲ್ಲರೂ ನಗಲಿ, ಚಾ ನನ್ನದೇ. ಹಾಳೆಯನ್ನು ಹೆಂಡತಿಯ ಮುಂದೆ ಇಟ್ಟೆ. ಅವಳು ಪೂರ್ತಿ ಓದಿ, "ಕುಂದಾಪುರದವರು ಇದನ್ನೇ ಅಲ್ಲವಾ ಅವತ್ತು ಹೇಳಿದ್ದು?" ಅಂದಳು. ಹೇಗೋ ಗೊತ್ತಾಗಿತ್ತು. ಮೊದಲ ಕಂತು ಮರುದಿನವೇ ಮಾರಿದೆ.

(ನಾನು ನೋಂದಾಯಿತ ಹೂಡಿಕೆ ಸಲಹೆಗಾರನಲ್ಲ. ಮೇಲಿನದು ನನ್ನ ಲೆಕ್ಕ. ನಿಮ್ಮ ತೆರಿಗೆಯ ವಿಷಯಕ್ಕೆ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ.)